ಮದ್ದಿನ ಕೊಂಬು ಕೆತ್ತಿ ಗೆಲ್ಲಿ: 13 ಸೂತ್ರಗಳು

ಹದಿನೆಂಟನೇ ಶತಮಾನದ ಅಮೆರಿಕ. ಬ್ರಿಟಿಷ್ ವಸಾಹತುಗಳ ಸೈನಿಕನ ಪಕ್ಕದಲ್ಲಿ ಪಟ್ಟಿಗೆ ಕಟ್ಟಿದ ಒಂದು ಎತ್ತಿನ ಕೊಂಬು ತೂಗುತ್ತಿತ್ತು. ಒಳಗೆ ಕೋವಿಯ ಮದ್ದು. ಹೊರಗೆ ಅವನ ಹೆಸರು, ಇಸವಿ, ಕೋಟೆ, ನದಿ, ಹಡಗು, ಜಿಂಕೆ. ಕೊಂಬಿನೊಳಗೆ ನೀರು ಇಳಿಯುವುದಿಲ್ಲ, ಕೊಂಬು ತಾಗಿದರೆ ಕಿಡಿ ಏಳುವುದಿಲ್ಲ, ತೂಕವೂ ಕಡಿಮೆ. ತೆಳ್ಳಗೆ ಹೆರೆದಿದ್ದರೆ ಬೆಳಕಿಗೆ ಹಿಡಿದು ಒಳಗೆ ಮದ್ದು ಎಷ್ಟು ಉಳಿದಿದೆ ಎಂದು ನೋಡಬಹುದಿತ್ತು. ಇಷ್ಟು ಕೆಲಸಕ್ಕೆ ಬರುವ ವಸ್ತುವನ್ನು ಇಷ್ಟು ಚೆಂದ ಮಾಡಿಕೊಂಡವರು ಸಾಮಾನ್ಯ ಜನ.

ಆ ಶೈಲಿಯಲ್ಲಿ ಹೊಸ ಕೊಂಬು ಕೆತ್ತುವವರ ದೊಡ್ಡ ಬಳಗ ಇವತ್ತೂ ಅಮೆರಿಕದಲ್ಲಿದೆ. ಕೊಳ್ಳುವವರಿದ್ದಾರೆ, ಪ್ರದರ್ಶನಗಳಿವೆ, ಹೆಸರು ಮಾಡಲು ಜಾಗವಿದೆ. ಓದುತ್ತಿರಲಿ, ಕೆಲಸದಲ್ಲಿರಲಿ, ಒಂದು ಕಸುಬನ್ನು ಬುಡದಿಂದ ಕಲಿಯುವ ಹಟ ನಿಮಗಿದ್ದರೆ ಶುರು ಮಾಡಿ.

1. "ನನಗೆ ಡ್ರಾಯಿಂಗ್ ಬರಲ್ಲ" ಎನ್ನುವುದನ್ನು ಇವತ್ತೇ ನಿಲ್ಲಿಸಿ

ಹಳೆಯ ಕೊಂಬುಗಳ ಫೋಟೋ ತೆರೆದು ಹತ್ತಿರದಿಂದ ನೋಡಿ. ಎಷ್ಟೋ ಕಡೆ ಅಕ್ಷರ ತಿರುಗುಮುರುಗಾಗಿದೆ. ಸ್ಪೆಲ್ಲಿಂಗ್ ಕಿವಿಗೆ ಕೇಳಿದಂತೆ ಬರೆದದ್ದು. ಜಿಂಕೆಯ ಕಾಲು ಗಿಡ್ಡ, ಮನೆಗಿಂತ ಹಕ್ಕಿ ದೊಡ್ಡದು. ಕೆತ್ತಿದವರಲ್ಲಿ ವೃತ್ತಿಪರರು ಇದ್ದರು ನಿಜ, ಆದರೆ ಶಿಬಿರದಲ್ಲಿ ಜೇಬುಚಾಕು ಹಿಡಿದು ಕೂತ ರೈತರ ಮಕ್ಕಳೂ ಇದ್ದರು. ಇವತ್ತು ಅವರ ಕೊಂಬುಗಳು ಮ್ಯೂಸಿಯಂಗಳಲ್ಲಿವೆ.

ಅನುಮಾನ ಒಂದು ಅಭ್ಯಾಸ, ಅಷ್ಟೇ. ಅದರ ಜಾಗಕ್ಕೆ ಇನ್ನೊಂದು ಅಭ್ಯಾಸ ತನ್ನಿ. ಕತ್ತರಿಸಿ ಉಳಿದ ಕೊಂಬಿನ ಚೂರು ತೆಗೆದುಕೊಳ್ಳಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅದರ ಮೇಲೆ ನೇರ ಗೆರೆ ಕೊರೆಯಿರಿ. ಚಿತ್ರ ಬೇಡ, ಬರೀ ಗೆರೆ. ಕೈಗೆ ಗೆರೆ ಸಿಕ್ಕಿದ ದಿನ ಮನಸ್ಸಿನ ಗೊಣಗಾಟ ತಾನಾಗಿ ನಿಲ್ಲುತ್ತದೆ.

2. ಉಪಕರಣಕ್ಕಿಂತ ಮೊದಲು ಕಣ್ಣಿನ ಮೇಲೆ ಇನ್ವೆಸ್ಟ್ ಮಾಡಿ

ಹೊಸಬರು ಮೊದಲು ಟೂಲ್‌ಕಿಟ್ ಆರ್ಡರ್ ಮಾಡುತ್ತಾರೆ. ನೀವು ಮೊದಲು ನೋಡಲು ಕಲಿಯಿರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಕೊಂಬುಗಳ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಅಲ್ಲಿನ ಕ್ಯುರೇಟರ್ ಸ್ಟೀಫನ್ ಗ್ರಾನ್ಸೇ 1945ರಲ್ಲಿ ಬರೆದ ಪುಸ್ತಕ ಈ ಕ್ಷೇತ್ರದಲ್ಲಿ ಇಂದಿಗೂ ಮೊದಲ ಪಾಠ. ಟಿಕೊಂಡೆರೋಗ ಕೋಟೆಯ ಮ್ಯೂಸಿಯಂನಲ್ಲಿ, ಮೆಸಾಚುಸೆಟ್ಸ್‌ನ ಹಿಸ್ಟಾರಿಕ್ ಡೀರ್‌ಫೀಲ್ಡ್‌ನಲ್ಲಿ ಒಳ್ಳೆಯ ಸಂಗ್ರಹಗಳಿವೆ. ಆ ಕಡೆ ಇರುವವರು ರಜೆಯಲ್ಲಿ ಹೋಗಿ ಕಣ್ಣಾರೆ ನೋಡಿ. ಫೋಟೋದಲ್ಲಿ ಗೆರೆಯ ಆಳ ಕಾಣುವುದಿಲ್ಲ.

ನೋಡುವುದು ಹೇಗೆಂದು ರೂಫಸ್ ಗ್ರೈಡರ್ ಅವರಿಂದ ಕಲಿಯಿರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾನಜೊಹಾರಿ ಎಂಬ ಊರಿನಲ್ಲಿ ಇವರು ಡ್ರಾಯಿಂಗ್ ಮೇಷ್ಟ್ರು. ಹಳೆಯ ಕೊಂಬು ಎಲ್ಲಿದೆ ಎಂದು ಹುಡುಕಿ, ಅದರ ಉರುಟು ಮೈ ಮೇಲಿನ ಕೆತ್ತನೆಯನ್ನು ಕಾಗದದ ಮೇಲೆ ಚಪ್ಪಟೆಯಾಗಿ ಬಿಡಿಸಿದರು. ಒಂದೆರಡಲ್ಲ, 500ಕ್ಕೂ ಹೆಚ್ಚು. ಮೂಲ ಕೊಂಬು ಕಳೆದುಹೋದರೂ ಮೇಷ್ಟ್ರ ಚಿತ್ರದಲ್ಲಿ ಅದರ ಕೆತ್ತನೆ ಉಳಿದಿದೆ.

ನಿಮ್ಮ ಹೋಂವರ್ಕ್: ಒಂದೇ ಒಂದು ಕೊಂಬು ಆರಿಸಿ, ಪೂರ್ತಿ ಕಾಪಿ ಮಾಡಿ. ಅಂಚಿನ ಹಲ್ಲುಪಟ್ಟಿಯಲ್ಲಿ ಎಷ್ಟು ಹಲ್ಲುಗಳಿವೆ, ಹೆಸರಿನ ಚೌಕಟ್ಟು ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ಖಾಲಿ ಬಿಟ್ಟಿದ್ದಾರೆ, ಎಲ್ಲವನ್ನೂ ಬರೆದುಕೊಳ್ಳಿ. ನೂರು ಕೊಂಬಿನ ಮೇಲೆ ಕಣ್ಣಾಡಿಸಿದ್ದಕ್ಕಿಂತ ಒಂದನ್ನು ಬಿಡಿಸಿದ್ದು ಹೆಚ್ಚು ಕಲಿಸುತ್ತದೆ.

3. ಒಬ್ಬ ಗುರುವನ್ನು ಹಿಡಿಯಿರಿ. ನನ್ನ ಸಲಹೆ: ಜಾನ್ ಬುಷ್

1754ರಿಂದ 1763ರವರೆಗೆ ಬ್ರಿಟಿಷರು, ಫ್ರೆಂಚರು, ಎರಡೂ ಕಡೆ ನಿಂತ ಮೂಲನಿವಾಸಿ ಜನಾಂಗಗಳು ಉತ್ತರ ಅಮೆರಿಕದಲ್ಲಿ ಹೋರಾಡಿದರು. ಕೆತ್ತಿದ ಕೊಂಬಿನ ಕಲೆ ಅರಳಿದ್ದು ಆ ಯುದ್ಧದಲ್ಲಿ, ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಸರೋವರದ ಸುತ್ತಮುತ್ತಲಿನ ಶಿಬಿರಗಳಲ್ಲಿ. ಸಾವಿರಾರು ಯುವಕರು, ದೀರ್ಘ ಕಾಯುವಿಕೆ, ಕೈಯಲ್ಲೊಂದು ಚಾಕು. ಅವರ ನಡುವೆ ಮೆಸಾಚುಸೆಟ್ಸ್‌ನ ಶ್ರೂಸ್‌ಬರಿಯ ಜಾನ್ ಬುಷ್ ಇದ್ದರು, ಆಫ್ರಿಕನ್ ಮೂಲದ ಸೈನಿಕ. ಜೊತೆಗಾರರ ಕೊಂಬುಗಳ ಮೇಲೆ ಅವರು ಬರೆದ ಅಕ್ಷರಗಳನ್ನು ನೋಡಿ: ದಪ್ಪ ಗೆರೆ ಎಲ್ಲಿ, ತೆಳು ಗೆರೆ ಎಲ್ಲಿ, ಬಾಲ ಎಷ್ಟು ಸುತ್ತಬೇಕು, ಎಲ್ಲವೂ ಲೆಕ್ಕ ಹಾಕಿದಂತಿದೆ. ಕ್ವಿಲ್ ಪೆನ್ನಿನ ಬರವಣಿಗೆಯನ್ನು ಚಾಕುವಿನಲ್ಲಿ ಸಾಧಿಸಿದವರು ಅವರು. ನಂತರ ಬಂದ ಕೆತ್ತನೆಗಾರರು ಅವರ ಶೈಲಿಯನ್ನು ಹಿಡಿದು ನಡೆದರು.

1757ರ ಆಗಸ್ಟ್‌ನಲ್ಲಿ ಆ ಸರೋವರದ ದಡದಲ್ಲಿದ್ದ ಬ್ರಿಟಿಷರ ವಿಲಿಯಂ ಹೆನ್ರಿ ಕೋಟೆ ಫ್ರೆಂಚರ ವಶವಾಯಿತು. ಬುಷ್ ಸೆರೆ ಸಿಕ್ಕರು, ಮನೆಗೆ ಮರಳಲಿಲ್ಲ. ಅವರ ಕೊಂಬುಗಳೆಲ್ಲ ಕೆಲವೇ ವರ್ಷಗಳ ಕೆಲಸ. ಹೀಗೆ ಬದುಕಿದ ಮನುಷ್ಯನ ಅಕ್ಷರವನ್ನು ಅಭ್ಯಾಸ ಮಾಡುವಾಗ ಗೌರವದಿಂದ ಮಾಡಿ. ಇಂದು ಆ ಶ್ರೂಸ್‌ಬರಿಯಲ್ಲಿ ಭಾರತೀಯ ಕುಟುಂಬಗಳು ಬಹಳ ಇವೆ, ಕನ್ನಡ ಮಾತಾಡುವವರೂ ಇದ್ದಾರೆ. ನೀವು ಅಲ್ಲಿದ್ದರೆ ಮಕ್ಕಳಿಗೆ ಈ ಹೆಸರು ಹೇಳಿ.

ಗುರು ಒಬ್ಬರೇ ಇರಲಿ ಎನ್ನಲು ಕಾರಣವಿದೆ. ಇವರಿಂದ ಅಂಚು, ಅವರಿಂದ ಅಕ್ಷರ, ಮತ್ತೊಬ್ಬರಿಂದ ಹಡಗು ಎಂದು ಎತ್ತಿಕೊಂಡರೆ ಕೊಂಬು ಯಾರದ್ದೂ ಆಗುವುದಿಲ್ಲ. ಒಂದು ಕೈಬರಹ ಪೂರ್ತಿ ಒಗ್ಗಲಿ. ನಿಮ್ಮದು ಆಮೇಲೆ ಬರುತ್ತದೆ.

4. ಕೊಂಬು ಕೊಳ್ಳುವಾಗ ಜಿಪುಣತನ ಬೇಡ

ಹೊರಬಾಗಿನ ಮೇಲೆ ಅಳೆದರೆ 12ರಿಂದ 16 ಇಂಚು ಉದ್ದವಿರಲಿ. ಮೈ ಬಿಳುಪು ಅಥವಾ ಕೆನೆಬಣ್ಣ, ತುದಿ ಕಪ್ಪು ಇದ್ದರೆ ಉತ್ತಮ. ಬುಡದಲ್ಲಿ ಬಿರುಕು ಇರಬಾರದು, ಹುಳು ತಿಂದಿರಬಾರದು. ಗಟ್ಟಿ ತುದಿ ಎರಡು ಮೂರು ಇಂಚಾದರೂ ಇರಬೇಕು, ಕುತ್ತಿಗೆ ಕೆತ್ತುವುದು ಅಲ್ಲೇ. ಸೊಂಟಕ್ಕೆ ಹಿಡಿದು ನೋಡಿ: ಬಾಗು ಮೈಗೆ ಅಂಟಿ ಕೂರಬೇಕು. ಕೆಟ್ಟ ಕೊಂಬಿಗೆ ವಾರಗಟ್ಟಲೆ ದುಡಿದರೆ ಕೈಗೆ ಬರುವುದು ಕೆಟ್ಟ ಕೊಂಬೇ.

ಅಮೆರಿಕದಲ್ಲಿ ತೊಳೆದು ಒಣಗಿಸಿದ ಕೊಂಬು ಕರಕುಶಲ ಅಂಗಡಿಗಳಲ್ಲಿ ಸಿಗುತ್ತದೆ. ಕರ್ನಾಟಕದಲ್ಲಿದ್ದರೆ ಕೊಂಬು ಎಲ್ಲಿಂದ ಬಂತು ಎಂದು ಕೇಳಿ, ಕಾನೂನುಬದ್ಧ ಮೂಲ ಖಚಿತವಾಗದೆ ಮುಟ್ಟಬೇಡಿ. ಎಮ್ಮೆ ಕೊಂಬು ಕಪ್ಪು, ಅದರ ಮೇಲೆ ಕಪ್ಪು ಗೆರೆ ಕಾಣುವುದಿಲ್ಲ. ಗರಗಸ, ಅರ, ಹೊಳಪು ಇವನ್ನು ಅಭ್ಯಾಸ ಮಾಡಲು ಅದು ಧಾರಾಳ ಸಾಕು.

5. ಮಾಸ್ಕ್ ಹಾಕದೆ ಅರ ಹಿಡಿಯಬೇಡಿ

ಕೊಂಬೂ ಉಗುರೂ ಒಂದೇ ವಸ್ತು, ಕೆರಾಟಿನ್. ಅದರ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಹಾನಿ. ಎನ್95 ಮಾಸ್ಕ್, ಕನ್ನಡಕ, ತೆರೆದ ಕಿಟಕಿ ಮೂರೂ ಬೇಕು. ವಾಸನೆ ಸುಟ್ಟ ಕೂದಲಿನದು. ಬಾಲ್ಕನಿಯಲ್ಲಿ ಮಾಡಿ, ಮನೆಯವರ ಸಹಕಾರ ಬೇಗ ಸಿಗುತ್ತದೆ.

6. ತಂತಿ ಹಾಕಿ ಅಳೆಯದೆ ಡ್ರಿಲ್ ಮುಟ್ಟಬೇಡಿ

ಕೊಂಬಿನ ಒಳಗೆ ಪೊಳ್ಳು, ತುದಿಯಲ್ಲಿ ಗಟ್ಟಿ. ಪೊಳ್ಳು ಎಲ್ಲಿ ಮುಗಿಯುತ್ತದೆ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಬಾಗಿಸಿದ ತಂತಿಯನ್ನು ಬುಡದಿಂದ ಒಳಕ್ಕೆ ತಳ್ಳಿ. ತಡೆದಲ್ಲಿ ನಿಲ್ಲಿಸಿ. ಹೊರತೆಗೆದು ಅದೇ ಬಾಗಿಗೆ ಕೊಂಬಿನ ಹೊರಗಿಟ್ಟು ಪೆನ್ಸಿಲ್ ಗುರುತು ಹಾಕಿ. ಈಗ ತುದಿಯನ್ನು ಚಪ್ಪಟೆ ಕೊಯ್ದು, ಡ್ರಿಲ್ ಬಿಟ್ಟನ್ನು ಕೊಂಬಿನ ಪಕ್ಕಕ್ಕೆ ಹಿಡಿದು ದಾರಿ ನೋಡಿ. ನೇರ ಹೋದರೆ ಪೊಳ್ಳು ಮುಟ್ಟುತ್ತದೆಯೇ, ಇಲ್ಲ ಬಾಗಿನಲ್ಲಿ ಪಕ್ಕ ಒಡೆದು ಹೊರಬರುತ್ತದೆಯೇ?

ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಕೊನೆಗೆ ನಾಲ್ಕೈದು ಮಿಲಿಮೀಟರ್ ತೂತು ಸಾಕು. ನಿಧಾನ ಸ್ಪೀಡ್, ಆಗಾಗ ಹೊರತೆಗೆದು ಪುಡಿ ಕೊಡವಿ. ಪಕ್ಕ ಒಡೆದ ಕೊಂಬನ್ನು ಸರಿಮಾಡುವ ಉಪಾಯವಿಲ್ಲ. ಅಳತೆಗೆ ಕೊಟ್ಟ ಹತ್ತು ನಿಮಿಷ ಇಡೀ ಕೊಂಬನ್ನು ಉಳಿಸುತ್ತದೆ.

7. ತಳವನ್ನು ಭದ್ರ ಮಾಡಿ

ಬುಡವನ್ನು ಸಮನಾಗಿ ಕೊಯ್ಯಿರಿ, ಅದನ್ನು ಮರದ ತಳದಿಂದ ಮುಚ್ಚಬೇಕು. ಅಂಡಾಕಾರವಿದ್ದರೆ ಎರಡು ದಾರಿ. ಬುಡವನ್ನು ಕುದಿಯುವ ನೀರಿನಲ್ಲಿಟ್ಟು ಮೆತ್ತಗಾದ ಮೇಲೆ ಮರದ ಕೋನ್ ತುರುಕಿ ಆರಲು ಬಿಡಿ, ಉರುಟಾಗಿ ನಿಲ್ಲುತ್ತದೆ. ಇಲ್ಲವೇ ಕೊಂಬನ್ನು ಹಾಗೇ ಬಿಟ್ಟು ಅದರ ಆಕಾರಕ್ಕೆ ಮರ ಕೆತ್ತಿ. ಹಳಬರು ಎರಡನ್ನೂ ಮಾಡಿದ್ದಾರೆ. ಪೈನ್ ಮರ ಹೊಸಬರ ಕೈಗೆ ಸುಲಭ.

ಮರ ಕೂರಿಸಿ, ಸುತ್ತ ಮೊದಲು ಸಣ್ಣ ತೂತು ಕೊರೆದು, ಆಮೇಲೆ ಮರದ ಮೊಳೆ ಹೊಡೆಯಿರಿ. ತೂತಿಲ್ಲದೆ ಹೊಡೆದರೆ ಕೊಂಬು ಸೀಳುತ್ತದೆ. ಸಂದಿಗೆ ಜೇನುಮೇಣ ತುಂಬಿ. ತುದಿಯ ತೂತಿಗೆ ಗಟ್ಟಿ ಮರದ ಬಿರಡೆ. ಪಿಟೀಲಿನ ಬಿರಡೆಯಂತೆ ಕೆಳಗೆ ಸಪೂರವಾಗಿದ್ದರೆ ತಿರುವಿ ಒತ್ತಿದಾಗ ಬಿಗಿಯಾಗಿ ಕೂರುತ್ತದೆ.

8. ಹೆರೆಯುವುದನ್ನು ಬೋರಿಂಗ್ ಅಂದುಕೊಂಡರೆ ಕೆತ್ತನೆಯ ಆಸೆ ಬಿಡಿ

ಒರಟು ಅರದಿಂದ ಮೇಲಿನ ಸಿಪ್ಪೆ ತೆಗೆಯಿರಿ. ನುಣುಪು ಅರದಿಂದ ಅರದ ಗುರುತು ತೆಗೆಯಿರಿ. ಉಕ್ಕಿನ ಸ್ಕ್ರೇಪರ್‌ನಿಂದ ಉದ್ದಕ್ಕೆ ಎಳೆಯಿರಿ, ಸುರುಳಿ ಸುರುಳಿಯಾಗಿ ಹೆರೆ ಬರುತ್ತದೆ. ಕೊನೆಗೆ ಸ್ಯಾಂಡ್‌ಪೇಪರ್: 220, ಬಳಿಕ 400, ನೀರು ಹಚ್ಚಿ ಉಜ್ಜಿದರೆ ಧೂಳೂ ಕಡಿಮೆ. ಒಳಗೆ ಸಣ್ಣ ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿ. ಬೆಳಕು ಜಾಸ್ತಿ ತೂರುವ ಕಡೆ ಗೋಡೆ ತೆಳ್ಳಗಾಗಿದೆ, ಅಲ್ಲಿ ಕೈ ತಡೆಯಿರಿ.

ಕುತ್ತಿಗೆಯ ಕಡೆ ಎದ್ದ ಉಂಗುರಗಳನ್ನು ಉಳಿಸಿ, ಅವುಗಳ ನಡುವಿನ ಭಾಗವನ್ನು ತಗ್ಗಿಸಿ. ಪಟ್ಟಿ ಕಟ್ಟಲು ಆ ಉಂಗುರ ಬೇಕು. ಕೊಂಬಿನ ಚೆಲುವಿನ ಅರ್ಧ ಈ ಕುತ್ತಿಗೆಯ ಇಳಿಜಾರಿನಲ್ಲೇ ಇದೆ. ಕೆತ್ತನೆ ಎಷ್ಟೇ ಚೆನ್ನಾಗಿರಲಿ, ಕುತ್ತಿಗೆ ಮೊದ್ದಾಗಿದ್ದರೆ ಬಲ್ಲವರು ಕೈಗೆತ್ತಿಕೊಳ್ಳುವುದೇ ಇಲ್ಲ.

ಒಂದೇ ಒಂದು ಗೀರೂ ಉಳಿಯಬಾರದು. ಮಸಿ ಹಚ್ಚಿದಾಗ ನಿಮ್ಮ ಕೆತ್ತನೆ ಯಾವುದು, ಅರದ ಗೀರು ಯಾವುದು ಎಂಬ ಭೇದ ಮಸಿಗೆ ಗೊತ್ತಿಲ್ಲ. ಎರಡನ್ನೂ ಕಪ್ಪು ಮಾಡುತ್ತದೆ.

9. ಕಾಗದದ ಮೇಲೆ ತಪ್ಪು ಮಾಡಿ, ಕೊಂಬಿನ ಮೇಲೆ ಬೇಡ

ಕಾಗದವನ್ನು ಕೊಂಬಿಗೆ ಸುತ್ತಿ, ಅಂಚು ಕತ್ತರಿಸಿ, ಬಿಚ್ಚಿ. ಸಿಗುವುದು ಬೀಸಣಿಗೆಯ ಆಕಾರ. ನಿಮ್ಮ ಲೇಔಟ್ ಅದರ ಮೇಲೆ ಬರಲಿ. ಮೊದಲ ಕೊಂಬಿಗೆ ಹಳೆಯ ವ್ಯಾಕರಣ ಬಿಡಬೇಡಿ: ಬುಡಕ್ಕೆ ಒಂದು ಹಲ್ಲುಪಟ್ಟಿ, ನಡುವೆ ಚೌಕಟ್ಟಿನಲ್ಲಿ ಒಡೆಯನ ಹೆಸರು, ಊರು, ಇಸವಿ, ಪಕ್ಕದಲ್ಲಿ ಒಂದೋ ಎರಡೋ ಚಿತ್ರ. ಬ್ರಿಟಿಷ್ ರಾಜಲಾಂಛನ, ನ್ಯೂಯಾರ್ಕ್ ನಗರದ ನೋಟ, ಆಲ್ಬನಿಯಿಂದ ಮೊಹಾಕ್ ನದಿ ಹಿಡಿದು ಆಸ್ವೀಗೋವರೆಗಿನ ಕೋಟೆಗಳ ನಕ್ಷೆ ಇವೆಲ್ಲ ಮುಂದಿನ ಹಂತ. ಆಸೆ ಇಟ್ಟುಕೊಳ್ಳಿ, ಅವಸರ ಬೇಡ.

ನಕ್ಷೆಯ ಕೊಂಬಿನ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಏಕೆಂದರೆ ಈ ಕಲೆಯ ಅತ್ಯುತ್ತಮ ಐಡಿಯಾ ಅದು. ಹಡ್ಸನ್ ನದಿ ಕೊಂಬಿನ ಉದ್ದಕ್ಕೂ ಹರಿಯುತ್ತದೆ, ದಡದಲ್ಲಿ ಊರು, ಕೋಟೆ, ಮನೆ. ಕೊಂಬಿನ ಬಾಗು ನದಿಯ ಬಾಗಾಗಿಬಿಡುತ್ತದೆ. ಉದ್ದಕ್ಕೆ, ಕಿರಿದಾಗುತ್ತ ಹೋಗುವ ಜಾಗಕ್ಕೆ ನದಿಗಿಂತ ಹೊಂದುವ ವಿಷಯ ಇನ್ನೊಂದಿಲ್ಲ. ಸಾಮಗ್ರಿಯ ಆಕಾರ ನೋಡಿ ವಿಷಯ ಆರಿಸುವ ಈ ಬುದ್ಧಿಯನ್ನು ಹಳೆಯ ಕೆತ್ತನೆಗಾರರಿಂದ ಕಲಿಯಿರಿ.

ಅಕ್ಷರ ಬರೆಯುವಾಗ ಮೇಲೊಂದು ಕೆಳಗೊಂದು ಗೆರೆ ಹಾಕಿ. ಬಾಗುವ ಸ್ಕೇಲ್ ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಸುತ್ತಿ ಅದರ ಅಂಚಿಗೆ ಪೆನ್ಸಿಲ್ ಎಳೆಯಿರಿ. ಹೊಳಪು ಕೊಟ್ಟ ಕೊಂಬಿನ ಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಹಾಗಾಗಿ ಪಾಲಿಶ್ ಕೊನೆಗೆ ಇಟ್ಟುಕೊಳ್ಳಿ. ಹೆಸರಿನ ಅಕ್ಷರ ಎಣಿಸಿ, ನಡುವಿನಿಂದ ಎರಡೂ ಕಡೆಗೆ ಹಂಚಿ.

10. ಕೈ ನಿಲ್ಲಲಿ, ಕೊಂಬು ತಿರುಗಲಿ

ಇದು ಕಸುಬಿನ ಹೃದಯ, ನಿಧಾನ ಓದಿ.

ಚೂಪು ಮೊನೆಯಿಂದ ಗೀಚಿದರೆ ಗೆರೆಯ ಅಂಚು ತರಿತರಿ ಏಳುತ್ತದೆ. ಚಾಕುವಿನಿಂದ ಎರಡು ಸಲ ಕೊಯ್ಯಿರಿ. ಮೊದಲ ಸಲ ಅಲಗನ್ನು ಒಂದು ಕಡೆಗೆ ವಾಲಿಸಿ, ಎರಡನೇ ಸಲ ಅದೇ ಗೆರೆಗೆ ಎದುರು ಕಡೆಯಿಂದ. ಕೂದಲೆಳೆಯಷ್ಟು ಚೂರು ಎದ್ದು ಬರುತ್ತದೆ, ಕೆಳಗೆ ಶುದ್ಧವಾದ ಹಳ್ಳ ಉಳಿಯುತ್ತದೆ. ಉಗುರು ಎಳೆದರೆ ತಡೆಯಬೇಕು, ಅಷ್ಟು ಆಳ ಸಾಕು. ಕೈ ಪಳಗಿದ ಮೇಲೆ ಗ್ರೇವರ್ ಎಂಬ ಕೆತ್ತನೆಯ ಉಳಿ ಹಿಡಿಯಿರಿ, ಅದು ಒಂದೇ ತಳ್ಳಿಕೆಗೆ ಅದೇ ಹಳ್ಳ ಮಾಡುತ್ತದೆ. ಜಾರಿದರೆ ಬೆರಳೂ ಸೀಳುತ್ತದೆ, ಆದ್ದರಿಂದ ಕೊಂಬು ಹಿಡಿದ ಕೈ ಯಾವಾಗಲೂ ಮೊನೆಯ ಹಿಂದೆ ಇರಲಿ.

ಕೊಂಬಿನ ಎಳೆ ಉದ್ದಕ್ಕೆ ಓಡುತ್ತದೆ. ಉದ್ದದ ಗೆರೆ ಎಳೆಯನ್ನೇ ಹಿಡಿದು ಜಾರಲು ನೋಡುತ್ತದೆ. ಅಡ್ಡ ಗೆರೆ ಸಿಡಿಯಲು ನೋಡುತ್ತದೆ. ಸುತ್ತು ಗೆರೆಯಲ್ಲಿ ಎರಡೂ ತೊಂದರೆ ಸೇರಿ ಬರುತ್ತವೆ. ತೊಡೆಯ ಮೇಲೆ ಮರಳಿನ ಚೀಲವಿಟ್ಟು ಕೊಂಬನ್ನು ಅದರ ಮೇಲಿಡಿ. ಅಲಗು ಹಿಡಿದ ಕೈ ಅಲುಗದಿರಲಿ, ಇನ್ನೊಂದು ಕೈ ಕೊಂಬನ್ನು ಅಲಗಿಗೆ ತಿರುಗಿಸಿಕೊಡಲಿ. ಸುತ್ತು ಗೆರೆ ನಯವಾಗಿ ಬರುವುದು ಹೀಗೆ ಮಾತ್ರ.

ಕನ್ನಡದಲ್ಲಿ ಹೆಸರು ಕೆತ್ತುವ ಆಸೆ ನಿಮಗೆ ಬಂದೇ ಬರುತ್ತದೆ. ಬರಲಿ. ಆದರೆ ನಮ್ಮ ಲಿಪಿಯಲ್ಲಿ ಎಲ್ಲಾ ದುಂಡು, ಈ ಸಾಮಗ್ರಿಯಲ್ಲಿ ದುಂಡೇ ಕಷ್ಟ. ಮೊದಲು ಇಂಗ್ಲಿಷಿನ ನೇರ ಕಂಬದ ಅಕ್ಷರಗಳಲ್ಲಿ ಪಳಗಿ. ಎರಡು ಗೆರೆ ಹಾಕಿ ನಡುವೆ ಒತ್ತೊತ್ತಾಗಿ ಓರೆಗೆರೆ ತುಂಬುವ ಹಳೆಯ ಕ್ರಮ ಕಲಿಯಿರಿ. ಕೈ ಕುದುರಿದ ಮೇಲೆ ಕನ್ನಡದ ತಲೆಕಟ್ಟು ಕೆತ್ತಿ. ಅದು ವಸಾಹತು ಕಾಲದ ಪ್ರತಿಕೃತಿ ಆಗುವುದಿಲ್ಲ, ನಿಮ್ಮದೇ ಕೊಂಬಾಗುತ್ತದೆ. ಎರಡನ್ನೂ ಒಂದೇ ಎಂದು ಯಾರಿಗೂ ಹೇಳಬೇಡಿ.

ಟೇಬಲ್ ಲ್ಯಾಂಪ್ ತಲೆಯ ಮೇಲಿರಬಾರದು, ಪಕ್ಕದಲ್ಲಿ ತಗ್ಗಿನಲ್ಲಿರಬೇಕು. ಓರೆ ಬೆಳಕಿಗೆ ಪ್ರತಿ ಹಳ್ಳವೂ ನೆರಳು ಬಿಡುತ್ತದೆ, ತಪ್ಪು ತಕ್ಷಣ ಕಾಣುತ್ತದೆ. ಅಲಗನ್ನು ಆಗಾಗ ಮಸೆಯಿರಿ. "ಇವತ್ತು ಕೈ ಸರಿಯಿಲ್ಲ" ಅನ್ನಿಸಿದಾಗಲೆಲ್ಲ ಮೊದಲು ಅಲಗು ನೋಡಿ. ಮೊಂಡಾಗಿರುವುದು ಬಹುತೇಕ ಅದೇ.

11. ಮಸಿಯನ್ನು ಚೂರಿನ ಮೇಲೆ ಟೆಸ್ಟ್ ಮಾಡಿ

ಇಂಡಿಯಾ ಇಂಕ್ ಕಪ್ಪಗೆ ಕೂರುತ್ತದೆ, ವಾಲ್ನಟ್ ಸಿಪ್ಪೆಯ ಮಸಿ ಕಂದು. ಹಚ್ಚಿ, ಸ್ವಲ್ಪ ಬಿಟ್ಟು, ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿ. ಗೆರೆಯಲ್ಲಿ ಮಸಿ ನಿಲ್ಲುತ್ತದೆ. ಹಳೆಯ ಹೊಂಬಣ್ಣ ಬೇಕಿದ್ದರೆ ಇಂದಿನ ಕೆತ್ತನೆಗಾರರು ಬಟ್ಟೆಗೆ ಹಾಕುವ ಬಣ್ಣದ ನೀರನ್ನು ಬಳಸುತ್ತಾರೆ. ಆ್ಯಸಿಡ್ ಹಾಕುವ ಹಳೆಯ ವಿಧಾನವೂ ಇದೆ, ಹೊಸಬರು ಅದರ ಹತ್ತಿರ ಹೋಗಬೇಡಿ.

12. ಕೊಂಬು ಖಾಲಿ ಇರಲಿ

ಭಾರತದಲ್ಲಿ ಮದ್ದು ತಯಾರಿಸುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು. ನಿಮ್ಮ ಕಲಿಕೆ ಕೆತ್ತನೆಯದು. ಪ್ರದರ್ಶನದ ಕೊಂಬಿಗೆ ಮದ್ದಿನ ಅಗತ್ಯವಿಲ್ಲ, ವಾಸನೆಯೂ ಬೇಡ.

ಆದರೆ ಇತಿಹಾಸ ತಿಳಿದಿರಲಿ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಆ ಕಾಲದ ಬ್ರಿಟಿಷರಿಗೆ ಪೆಟ್ಲುಪ್ಪಿನ ದೊಡ್ಡ ಮೂಲ ಬಿಹಾರ. 1757ರ ಪ್ಲಾಸಿ ಯುದ್ಧದ ಬಳಿಕ ಆ ವ್ಯಾಪಾರ ಈಸ್ಟ್ ಇಂಡಿಯಾ ಕಂಪನಿಯ ಮುಷ್ಟಿಗೆ ಬಂತು. ಜಾನ್ ಬುಷ್ ಸೆರೆ ಸಿಕ್ಕಿದ್ದೂ ಅದೇ ವರ್ಷ. ಲೇಕ್ ಜಾರ್ಜ್ ದಡದ ಯುದ್ಧಕ್ಕೂ ಪೆಟ್ಲುಪ್ಪು ಕೊಟ್ಟ ಗಂಗೆಯ ಬಯಲಿನ ಮಣ್ಣಿಗೂ ನಂಟಿದೆ. ಯಾರಾದರೂ "ನಿಮಗೇಕೆ ಈ ಅಮೆರಿಕದ ಕಲೆ" ಎಂದರೆ ತಡವರಿಸದೆ ಇದನ್ನು ಹೇಳಿ.

13. ನಿಜವಾದ ಇಸವಿ ಕೆತ್ತಿ, ಹೆಸರು ಹಾಕಿ, ಬಲ್ಲವರ ಮುಂದೆ ಇಡಿ

ಹಳೆಯ ಕೊಂಬುಗಳಿಗೆ ಒಳ್ಳೆಯ ಬೆಲೆ ಇರುವುದರಿಂದ ನಕಲಿಗಳೂ ಹುಟ್ಟಿವೆ. ಹಳೆಯ ಖಾಲಿ ಕೊಂಬಿನ ಮೇಲೆ ಹೊಸದಾಗಿ 1758 ಎಂದು ಕೆತ್ತಿ ಮಾರಿದವರಿದ್ದಾರೆ. ಅದರಿಂದ ಸಂಗ್ರಹಕಾರರ ಹಣ ಹೋಗುವುದಷ್ಟೇ ಅಲ್ಲ, ಇತಿಹಾಸದ ದಾಖಲೆಯೇ ಕೆಡುತ್ತದೆ. ನೀವು ಹಳೆಯ ಶೈಲಿಯಲ್ಲಿ ಕೆತ್ತಿ, ಬೇಕಿದ್ದರೆ ವಿನ್ಯಾಸದಲ್ಲಿ ಹಳೆಯ ಇಸವಿಯೂ ಇರಲಿ, ಆದರೆ ನಿಮ್ಮ ಹೆಸರು ಮತ್ತು ಕೆತ್ತಿದ ನಿಜವಾದ ವರ್ಷ ಅಳಿಸಲಾಗದಂತೆ ಇರಬೇಕು. ತಳದ ಮರದ ಹೊರಮೈಯಲ್ಲಿ ಒಮ್ಮೆ, ಮರ ಕೂರಿಸುವ ಮೊದಲು ಅದರ ಒಳಮೈಯಲ್ಲಿ ಇನ್ನೊಮ್ಮೆ ಕೆತ್ತಿ.

ಅಮೆರಿಕದಲ್ಲಿ ಆನರಬಲ್ ಕಂಪನಿ ಆಫ್ ಹಾರ್ನರ್ಸ್ ಎಂಬ ಗಿಲ್ಡ್ ಇದೆ. ಅಲ್ಲಿ ಅಪ್ರೆಂಟಿಸ್, ಜರ್ನಿಮನ್, ಮಾಸ್ಟರ್ ಎಂಬ ಮೆಟ್ಟಿಲುಗಳಿವೆ, ಹಿರಿಯರು ನಿಮ್ಮ ಕೆಲಸ ನೋಡಿ ಮೇಲಕ್ಕೆ ಕರೆದುಕೊಳ್ಳುತ್ತಾರೆ. ಮೊದಲ ಕೊಂಬು ಮುಗಿದ ಕೂಡಲೇ ಇಂಥ ಬಲ್ಲವರಿಗೆ ತೋರಿಸಿ. ನೆಂಟರ "ಸೂಪರ್" ಬೇಡ, ಬಲ್ಲವರ "ಕುತ್ತಿಗೆ ಇನ್ನೂ ಇಳಿಯಬೇಕು" ಬೇಕು. ಅವರು ಹೇಳಿದ್ದನ್ನು ಬರೆದುಕೊಳ್ಳಿ, ವಾದ ಮಾಡಬೇಡಿ. ಬೆಲೆ ಇಡುವಾಗ ಗಂಟೆಗಳ ಲೆಕ್ಕ ಇಟ್ಟುಕೊಂಡು ಕೇಳಿ, ಕಡಿಮೆ ಹೇಳಿ ನಿಮ್ಮ ಕೈಯನ್ನೇ ಸಣ್ಣದು ಮಾಡಿಕೊಳ್ಳಬೇಡಿ. ಮೊದಲನೆಯದನ್ನು ಮಾತ್ರ ಮಾರಬೇಡಿ. ಎರಡನೆಯದನ್ನು ಕೆತ್ತುವಾಗ ಅದು ಟೇಬಲ್ ಮೇಲೆ, ಓರೆ ಬೆಳಕಿನಲ್ಲಿ, ಪಕ್ಕದಲ್ಲೇ ಬೇಕು.